ಎಲ್ಲಮ್ಮನ ದಾರಿಯ ಕಲ್ಲುಗಳು



ಚಿಕ್ಕೋಡಿ, ರಾಯಬಾಗದ ಕಡೆ ಬಾವಿ ತೋಡಿಸಿದವರಿಗೆ ಗೊತ್ತು. ಎರೆಮಣ್ಣು ಮುಗಿದರೆ ಗರಸು, ಗರಸಿನ ಕೆಳಗೆ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಅದು. ಆದರೆ ದಕ್ಷಿಣಕ್ಕೆ ಗೋಕಾಕ ಫಾಲ್ಸ್‌ಗೆ ಬಂದರೆ ನೆಲವೇ ಬೇರೆ. ಘಟಪ್ರಭೆ ಧುಮುಕುವುದು ಮರಳುಗಲ್ಲಿನ ಮೇಲಿಂದ. ಅದು ಆ ಲಾವಾಕ್ಕಿಂತ ಎಷ್ಟೋ ಪಟ್ಟು ಹಳೆಯದು.

ಈ ಹಳೆಯ ಕಲ್ಲುಗಳ ನಾಡನ್ನು ಸುತ್ತಿ ಬರೆದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1876ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಈ ಶಿಲಾಸಮೂಹಕ್ಕೆ ಕಲಾದಗಿಯ ಹೆಸರು ಬಿತ್ತು. ಆಗ ಕಲಾದಗಿ ಜಿಲ್ಲಾ ಕೇಂದ್ರ. ಮುಂದೆ ಕಚೇರಿಗಳು ವಿಜಯಪುರಕ್ಕೆ ಹೋದವು, ಕಲ್ಲಿನ ಹೆಸರು ಮಾತ್ರ ಅಲ್ಲೇ ಉಳಿಯಿತು.

ಭೂವಿಜ್ಞಾನಿಗಳದು ಒಂದು ಕಟ್ಟುನಿಟ್ಟು. ಶಿಲಾಸ್ತರಕ್ಕೆ ದೊರೆಯ ಹೆಸರಿಡುವುದಿಲ್ಲ, ಕಂಡುಹಿಡಿದವರ ಹೆಸರನ್ನೂ ಇಡುವುದಿಲ್ಲ. ಅದು ಎಲ್ಲಿ ಚೆನ್ನಾಗಿ ಕಾಣುತ್ತದೋ ಆ ಜಾಗದ ಹೆಸರು, ಅದರ ಮುಂದೆ ಕಲ್ಲಿನ ಜಾತಿ ಇಲ್ಲವೇ ‘ಫಾರ್ಮೇಶನ್’ ಎಂಬ ಪದ. 1987ರಲ್ಲಿ ಭೂವಿಜ್ಞಾನಿ ಜಯಪ್ರಕಾಶ್ ಮತ್ತು ಸಂಗಡಿಗರು ಕಲಾದಗಿ ಶಿಲೆಗಳನ್ನು ಪದರಪದರವಾಗಿ ವಿಂಗಡಿಸಿ ಬರೆದ ಪಟ್ಟಿ ಓದಿದರೆ ಬಸ್ಸಿನ ಬೋರ್ಡು ಓದಿದ ಹಾಗಾಗುತ್ತದೆ: ಸವದತ್ತಿ ಕ್ವಾರ್ಟ್‌ಜೈಟ್, ಯರಗಟ್ಟಿ ಫಾರ್ಮೇಶನ್, ಮನೋಳಿ ಆರ್ಜಿಲೈಟ್, ಹಲಗೇರಿ ಶೇಲ್. ಮನೋಳಿ ಎಂದರೆ ನಮ್ಮ ಮುನವಳ್ಳಿಯೇ. ಬ್ರಿಟಿಷರ ಕಾಲದ ಕಾಗುಣಿತ ಹಾಗೇ ಉಳಿದುಬಿಟ್ಟಿದೆ.

ಶೇಲ್ ಎಂದರೆ ನಿಂತ ನೀರಿನ ತಳದಲ್ಲಿ ಕುಳಿತ ನುಣ್ಣನೆಯ ಕೆಸರು, ಮೇಲಿನ ಭಾರಕ್ಕೆ ಒತ್ತಿಕೊಂಡು ಕಲ್ಲಾದದ್ದು. ಇನ್ನಷ್ಟು ಬಿಗಿದರೆ ಆರ್ಜಿಲೈಟ್. ಬಿಸಿಲು ಮಳೆಗೆ ಸಡಿಲಾದ ಶೇಲ್ ಚೂರನ್ನು ಎತ್ತಿಕೊಂಡು ಅಂಚಿಗೆ ಉಗುರು ಹಾಕಿ, ಹಾಳೆಯ ಹಾಗೆ ಏಳುತ್ತದೆ. ಮನೆ ಕಟ್ಟಲು ಬಾರದ ಕಲ್ಲು, ನಿಜ. ಬಾದಾಮಿಯ ಗುಹಾಲಯಗಳನ್ನು ಕೊರೆದ ಮರಳುಗಲ್ಲಿಗಿರುವ ಮರ್ಯಾದೆ, ಅದೇ ಶಿಲಾಸಾಲಿನಲ್ಲಿ ಅದರ ಮೇಲಿರುವ ಹಲಗೇರಿ ಶೇಲ್‌ಗೆ ಇಲ್ಲ. ಆದರೆ ಇಲ್ಲಿ ಒಮ್ಮೆ ನೀರು ಅಲುಗದೆ ನಿಂತಿತ್ತು ಎಂದು ಸಾಕ್ಷಿ ಹೇಳುವುದು ಈ ಮೆತ್ತನೆಯ ಕಲ್ಲೇ.

ಚಿಕ್ಕೋಡಿ ಭಾಗದಿಂದ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಯರಗಟ್ಟಿ, ಮುನವಳ್ಳಿ ದಾಟಿಯೇ ಸವದತ್ತಿ ಸೇರುತ್ತಾರೆ. ಆ ದಾರಿಯ ಮೂರು ಊರುಗಳೂ ಭೂವಿಜ್ಞಾನದ ಪುಸ್ತಕದಲ್ಲಿವೆ. ಮಾಸ್ತರರೇ, ಈ ಸಲ ಪ್ರವಾಸಕ್ಕೆ ಮಕ್ಕಳನ್ನು ಆ ಕಡೆ ಕರೆದೊಯ್ದಾಗ ರಸ್ತೆಗಾಗಿ ಕಡಿದ ಗುಡ್ಡದ ಬದಿ ಹತ್ತು ನಿಮಿಷ ಬಸ್ ನಿಲ್ಲಿಸಿ, ಕಲ್ಲಿನ ಪದರ ತೋರಿಸಿ.