ಶೇರ್ಡ್ ಫೋಲ್ಡರ್ ಓಪನ್ ಆಗ್ತಿಲ್ವಾ? ಮೊದಲು ಈ ಮೂರು ಪ್ರಶ್ನೆ ಕೇಳಿ

ಇವತ್ತಿನ ಸಂಚಿಕೆ ಸಣ್ಣ ಆಫೀಸುಗಳಲ್ಲಿ ಕೆಲಸ ಮಾಡೋರಿಗೆ. ಆಡಿಟರ್ ಆಫೀಸು, ಹೋಲ್‌ಸೇಲ್ ಅಂಗಡಿ, ಎಲ್ಲೇ ಆಗಲಿ ನಾಲ್ಕೈದು ಕಂಪ್ಯೂಟರ್ ಇರುತ್ತೆ. ಒಂದರಲ್ಲಿ ಟ್ಯಾಲಿ ಡೇಟಾ, ಉಳಿದವರು ನೆಟ್‌ವರ್ಕ್ ಮೂಲಕ ಅದೇ ಫೋಲ್ಡರ್ ತೆಗೀತಾರೆ. ತಿಂಗಳ 20ನೇ ತಾರೀಕು, ಜಿಎಸ್‌ಟಿಆರ್-3ಬಿ ಕಟ್ಟೋ ಕೊನೇ ದಿನ, ಜೆಡ್ ಡ್ರೈವ್ ಮೇಲೆ ಕೆಂಪು ಕ್ರಾಸ್!

ಆಗ ಒಬ್ಬರು ಫೈರ್‌ವಾಲ್ ಆಫ್ ಮಾಡಿ ಅಂತಾರೆ. ಇನ್ನೊಬ್ಬರು ‘ಎವ್ರಿವನ್’ಗೆ ಫುಲ್ ಕಂಟ್ರೋಲ್ ಕೊಡಿ ಅಂತಾರೆ. ವಿಡಿಯೋ ನೋಡಿದ ಮತ್ತೊಬ್ಬರು ಹಳೇ ಎಸ್‌ಎಂಬಿ 1 ಆನ್ ಮಾಡ್ತಾರೆ. ನಾನು ಬಿ.ಕಾಂ ಓದಿದವನು, ನನಗೆ ಇದು ಟ್ರಯಲ್ ಬ್ಯಾಲೆನ್ಸ್ ಸರಿ ಬರದಿದ್ದಾಗ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕಿ ಕೈತೊಳೆದುಕೊಂಡ ಹಾಗೆ ಕಾಣುತ್ತೆ. ತಪ್ಪು ಎಲ್ಲಿದೆ ಅಂತ ಗೊತ್ತೇ ಆಗಲ್ಲ. ಅದಕ್ಕೆ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ ಕೇಳಿ.

ಮೊದಲನೇದು: ಆ ಕಂಪ್ಯೂಟರ್ ಸಿಗ್ತಾ ಇದೆಯಾ? 80070035 ಅಂತ ಕೊನೆಯಾಗೋ ಎರರ್ ಬಂದರೆ ಸಾಮಾನ್ಯವಾಗಿ ಇಲ್ಲೇ ತೊಂದರೆ. ಡೇಟಾ ಇರೋ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದೆಯಾ ನೋಡಿ. ಆಮೇಲೆ ರನ್ ಬಾಕ್ಸ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, ಹೆಸರಿನ ಬದಲು ಅದರ ಐಪಿ ಅಡ್ರೆಸ್ ಟೈಪ್ ಮಾಡಿ. ಐಪಿಯಲ್ಲಿ ಓಪನ್ ಆಗಿ ಹೆಸರಲ್ಲಿ ಆಗದಿದ್ರೆ, ಹೆಸರು ಹುಡುಕೋದರಲ್ಲಿ ಸಮಸ್ಯೆ. ಡ್ರೈವ್ ಅನ್ನ ಐಪಿಯಲ್ಲೇ ಮ್ಯಾಪ್ ಮಾಡಿದ್ರೆ, ರೂಟರ್ ಆ ಕಂಪ್ಯೂಟರ್‌ಗೆ ಹೊಸ ಐಪಿ ಕೊಟ್ಟಿರಬಹುದು. ರೂಟರ್‌ನಲ್ಲಿ ಅದಕ್ಕೊಂದು ಐಪಿ ಕಾಯಂ ಮಾಡಿ. ಎರಡರಲ್ಲೂ ಆಗ್ತಿಲ್ವಾ? ನೆಟ್‌ವರ್ಕ್ ‘ಪಬ್ಲಿಕ್’ ಅಂತ ಇದ್ದರೆ ‘ಪ್ರೈವೇಟ್’ ಮಾಡಿ. ಫೈಲ್ ಶೇರಿಂಗ್ ನಡೆಯೋದು 445ನೇ ಪೋರ್ಟ್‌ನಲ್ಲಿ, ಪಬ್ಲಿಕ್ ಇದ್ದಾಗ ಫೈರ್‌ವಾಲ್ ಅದನ್ನ ಸಾಮಾನ್ಯವಾಗಿ ಮುಚ್ಚಿಡುತ್ತೆ. ಇಡೀ ಫೈರ್‌ವಾಲ್ ಆಫ್ ಮಾಡೋ ಅಗತ್ಯ ಇಲ್ಲ.

ಎರಡನೇದು: ಅದು ನಿಮ್ಮನ್ನ ಗುರುತು ಹಿಡೀತಾ ಇದೆಯಾ? ಪಾಸ್‌ವರ್ಡ್ ಕೇಳಿದಾಗ ತುಂಬಾ ಜನ ನಾಲ್ಕಂಕಿ ಪಿನ್ ಹಾಕ್ತಾರೆ. ಪಿನ್ ಕೆಲಸ ಮಾಡೋದು ಆ ಒಂದು ಕಂಪ್ಯೂಟರ್‌ಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ಅಸಲಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟ್‌ನ್ನ ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡಲ್ಲ. ಪಾಸ್‌ವರ್ಡ್ ಬದಲಾಯಿಸಿದ್ರೆ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಉಳಿದ ಹಳೇದನ್ನ ತೆಗೆದುಹಾಕಿ. 1219 ಎರರ್ ಬಂದ್ರೆ ಒಂದೇ ಸರ್ವರ್‌ಗೆ ಎರಡು ಯೂಸರ್ ಹೆಸರಲ್ಲಿ ಹೋಗ್ತಿದ್ದೀರಿ ಅಂತ. ಹಳೇ ಕನೆಕ್ಷನ್ ಕಡಿದು ಮತ್ತೆ ಸೇರಿಸಿ.

ಇನ್ನೊಂದು ವಿಷಯ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ 2024ರ ಅಕ್ಟೋಬರ್‌ನಲ್ಲಿ ಬಂತು. ಅದರ ಪ್ರೊ ಆವೃತ್ತಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನ ಒಪ್ಪಲ್ಲ, ಕನೆಕ್ಷನ್‌ಗೆ ಡಿಜಿಟಲ್ ಸಹಿಯೂ ಇರಲೇಬೇಕು ಅನ್ನುತ್ತೆ. ‘ನಿನ್ನೆವರೆಗೂ ನಡೀತಿತ್ತು, ಅಪ್‌ಡೇಟ್ ಆದ ಮೇಲೆ ನಿಂತೋಯ್ತು’ ಅನ್ನೋರಿಗೆ ಬಹಳ ಸಲ ಇದೇ ಕಾರಣ. ಪರಿಹಾರ: ಡೇಟಾ ಇರೋ ಕಂಪ್ಯೂಟರ್ ಅಥವಾ ಸ್ಟೋರೇಜ್ ಡಬ್ಬದಲ್ಲಿ ಯೂಸರ್, ಪಾಸ್‌ವರ್ಡ್ ಮಾಡಿ. ಡಬ್ಬ ಹಳೇದಾದ್ರೆ ಫರ್ಮ್‌ವೇರ್ ಅಪ್‌ಡೇಟ್ ಹಾಕಿ.

ಮೂರನೇದು: ಅನುಮತಿ ಇದೆಯಾ? ‘ಆಕ್ಸೆಸ್ ಡಿನೈಡ್’ ಅಂದ್ರೆ ಬಾಗಿಲವರೆಗೂ ಬಂದಿದ್ದೀರಿ ಅಂತ. ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯೂರಿಟಿ ಅಂತ ಎರಡು ಟ್ಯಾಬ್ ಇವೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯೋದು. ಒಂದರಲ್ಲಿ ಫುಲ್ ಕಂಟ್ರೋಲ್, ಇನ್ನೊಂದರಲ್ಲಿ ಬರೀ ರೀಡ್ ಇದ್ದರೆ ಎಂಟ್ರಿ ಸೇವ್ ಆಗಲ್ಲ. ಹಾಗೇ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟ ಪ್ರೋಗ್ರಾಂಗೆ ಮ್ಯಾಪ್ ಮಾಡಿದ ಜೆಡ್ ಡ್ರೈವ್ ಕಾಣಲ್ಲ. ಸುಮ್ಮನೆ ಡಬಲ್ ಕ್ಲಿಕ್ ಮಾಡಿ ತೆಗೆದು ನೋಡಿ.

ಎಸ್‌ಎಂಬಿ 1 ಯಾಕೆ ಬೇಡ? 2017ರ ಮೇನಲ್ಲಿ ವಾನಾಕ್ರೈ ವೈರಸ್ ಅದರ ದೋಷದ ಮೂಲಕವೇ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಹಬ್ಬಿತು, ಬ್ರಿಟನ್‌ನ ಆಸ್ಪತ್ರೆಗಳೂ ತತ್ತರಿಸಿದ್ವು. ನಿಮ್ಮ ಆ ಫೋಲ್ಡರ್‌ನಲ್ಲಿ ಕ್ಲೈಂಟ್‌ಗಳ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ನೌಕರರ ಸಂಬಳ ಎಲ್ಲ ಇರುತ್ತೆ. ಅವರು ನಿಮ್ಮನ್ನ ನಂಬಿ ಕೊಟ್ಟಿದ್ದು.

ಈ ತಿಂಗಳು 20ರ ತನಕ ಕಾಯಬೇಡಿ. ಡೇಟಾ ಕಂಪ್ಯೂಟರ್ ಹೆಸರು, ಐಪಿ, ಯಾರಿಗೆ ಯಾವ ಯೂಸರ್ ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೀಬೇಡಿ.