ಕರೆಯದೆ ಬಂದು ಕುಳಿತ ಅತಿಥಿಗಳು



ದೂರದರ್ಶನದ ಪರದೆಗೂ ಕಂಪ್ಯೂಟರಿನ ಪರದೆಗೂ ಮೇಲುನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಚಿತ್ರ ಬರುತ್ತದೆ, ಮಾತು ಕೇಳುತ್ತದೆ. ಆದರೆ ಒಳಗೆ ಒಂದು ದೊಡ್ಡ ವ್ಯತ್ಯಾಸವಿದೆ. ಉಪಗ್ರಹದಿಂದ ನಿಮ್ಮ ಮನೆಯ ಡಿಶ್ ಆಂಟೆನಾಕ್ಕೆ ಬರುವ ಅಲೆಗಳು ಕಾರ್ಯಕ್ರಮವನ್ನು ತಂದು ಕೊಡುತ್ತವೆಯೇ ಹೊರತು ನಿಮ್ಮ ಮನೆಯಿಂದ ಏನನ್ನೂ ಹೊತ್ತು ಹಿಂದಿರುಗುವುದಿಲ್ಲ. ನೀವು ಕೊನೆಯವರೆಗೆ ನೋಡಿದಿರೋ, ನಡುವೆ ಎದ್ದು ಹೋದಿರೋ, ನಮ್ಮಂಥ ನಿರ್ಮಾಪಕರಿಗೆ ತಿಳಿಯದು. ಎಷ್ಟು ಜನ ನೋಡಿದರೆಂದು ಅಳೆಯಬೇಕಾದರೆ ಕೆಲವು ಮನೆಗಳನ್ನು ಆರಿಸಿ, ಮನೆಯವರ ಒಪ್ಪಿಗೆ ಪಡೆದು ಮಾಪಕವನ್ನು ಇಡಬೇಕಾಗುತ್ತದೆ.

ಅಂತರಜಾಲಕ್ಕೆ ಸೇರಿದ ಕಂಪ್ಯೂಟರ್ ಹಾಗಲ್ಲ. ಅಲ್ಲಿ ಪ್ರತಿಯೊಂದು ಪುಟವನ್ನೂ ನಿಮ್ಮ ಯಂತ್ರವೇ ಕೇಳಿ ತರಿಸಿಕೊಳ್ಳುತ್ತದೆ. ಅದು ಹೋಗಿಬರುವ ದಾರಿ. ಆ ದಾರಿಯಲ್ಲಿ ಒಪ್ಪಿಗೆ ಇಲ್ಲದೆಯೇ ಮಾಪಕಗಳನ್ನು ತಂದಿಡುವವರೂ ಇದ್ದಾರೆ. ಇವುಗಳಲ್ಲಿ ಹಿಂಬಾಲಿಸುವ ಕುಕಿಗಳು ಒಂದು ಬಗೆ, ಗೂಢಚಾರ ತಂತ್ರಾಂಶ, ಅಂದರೆ ಸ್ಪೈವೇರ್, ಇನ್ನೊಂದು ಬಗೆ. ಇವನ್ನು ಗುರುತಿಸುವುದು ಹೇಗೆ, ತೆಗೆದರೂ ಮತ್ತೆ ಮತ್ತೆ ಬರುವುದೇಕೆ, ಬೇರುಸಹಿತ ಕೀಳುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲು ಕುಕಿಯ ವಿಚಾರ. ಜಾಲತಾಣವನ್ನು ನಡೆಸುವ ಕಂಪ್ಯೂಟರಿಗೆ ನೆನಪಿನ ಶಕ್ತಿ ಇಲ್ಲ. ಒಂದು ಪುಟ ಕೊಟ್ಟು ಮುಗಿಸಿದ ಕೂಡಲೇ, ಕೇಳಿದವರು ಯಾರೆಂಬುದನ್ನು ಅದು ಮರೆತುಬಿಡುತ್ತದೆ. ಅಂಗಡಿಯ ತಾಣದಲ್ಲಿ ಒಂದು ಪುಸ್ತಕ ಆರಿಸಿ ಮುಂದಿನ ಪುಟಕ್ಕೆ ಹೋದರೆ ಮೊದಲು ಆರಿಸಿದ್ದು ಕೈಬಿಟ್ಟುಹೋಗುತ್ತದೆ. ಈ ಮರೆವಿಗೆ 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಎಂಬ ತಂತ್ರಜ್ಞರು ಒಂದು ಉಪಾಯ ಕಂಡುಹಿಡಿದರು. ಜಾಲತಾಣವು ನಿಮ್ಮ ಬ್ರೌಸರಿಗೆ ಒಂದು ಪುಟ್ಟ ಚೀಟಿ ಕೊಡುತ್ತದೆ. ಮುಂದಿನ ಸಲ ಹೋದಾಗ ಬ್ರೌಸರ್ ಆ ಚೀಟಿಯನ್ನು ತೋರಿಸುತ್ತದೆ. ಆ ಚೀಟಿಯೇ ಕುಕಿ.

ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಟೋಕನ್ ಕೊಡುತ್ತಾರಲ್ಲ, ಅದನ್ನು ನೆನಪಿಸಿಕೊಳ್ಳಿ. ಟೋಕನ್ನಿನ ಮೇಲಿನ 47 ಎಂಬ ಸಂಖ್ಯೆಯಲ್ಲಿ ನಿಮ್ಮ ಹೆಸರೂ ಇಲ್ಲ, ಊರೂ ಇಲ್ಲ. ಆದರೂ ನಿಮ್ಮ ಚಪ್ಪಲಿ ಯಾವುದೆಂದು ಅವರಿಗೆ ತಿಳಿಯುತ್ತದೆ. ಇದರಲ್ಲಿ ಕೇಡೇನೂ ಇಲ್ಲ. ಆದರೆ ಒಬ್ಬನೇ ಮನುಷ್ಯ ದೇವಸ್ಥಾನ, ಚಿತ್ರಮಂದಿರ, ಔಷಧದ ಅಂಗಡಿ, ಗ್ರಂಥಾಲಯ ಎಲ್ಲದರ ಬಾಗಿಲಲ್ಲೂ ತನ್ನ ಆಳುಗಳನ್ನು ಕೂರಿಸಿ, '47ನೇ ಟೋಕನ್ ಇಂದು ಎಲ್ಲೆಲ್ಲಿಗೆ ಹೋಯಿತು' ಎಂದು ಬರೆದಿಡಲಾರಂಭಿಸಿದರೆ? ಹಿಂಬಾಲಿಸುವ ಕುಕಿ ಮಾಡುವುದು ಇದನ್ನೇ. ನೀವು ತೆರೆದ ಪುಟದಲ್ಲಿ ಜಾಹೀರಾತು ಹಾಕುವ ಮೂರನೆಯ ಸಂಸ್ಥೆಯೊಂದು ತನ್ನ ಚೀಟಿಯನ್ನೂ ನಿಮ್ಮ ಜೇಬಿಗೆ ಹಾಕುತ್ತದೆ. ಹೀಗಾಗಿಯೇ ಒಂದು ಕಡೆ ಸೈಕಲ್ಲಿನ ಬೆಲೆ ವಿಚಾರಿಸಿದರೆ, ಕ್ರಿಕೆಟ್ ಸ್ಕೋರ್ ನೋಡುವ ಕಡೆಯೂ ಸೈಕಲ್ಲಿನ ಜಾಹೀರಾತು ಬಂದು ನಿಲ್ಲುತ್ತದೆ.

ಇನ್ನು ಸ್ಪೈವೇರ್. ಕುಕಿ ಕೇವಲ ಒಂದು ಬರಹ, ತಾನಾಗಿ ಯಾವ ಕೆಲಸವನ್ನೂ ಮಾಡಲಾರದು. ಸ್ಪೈವೇರ್ ಒಂದು ಪ್ರೋಗ್ರಾಂ. ಅದು ನಿಮ್ಮ ಯಂತ್ರದೊಳಗೆ ಓಡುತ್ತದೆ. ನೀವು ಒತ್ತುವ ಕೀಲಿಗಳನ್ನು ದಾಖಲಿಸಬಲ್ಲದು, ಪರದೆಯ ಚಿತ್ರ ತೆಗೆಯಬಲ್ಲದು, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದ್ದು ಕಳುಹಿಸಬಲ್ಲದು. ನಿಮ್ಮ ಪ್ರಾಜೆಕ್ಟ್ ಕೆಲಸ ನಡೆಯುವ ಅದೇ ಕಂಪ್ಯೂಟರಿನಲ್ಲಿ ನಿಮ್ಮ ತಂದೆಯವರು ಬ್ಯಾಂಕಿನ ವ್ಯವಹಾರ ಮಾಡುತ್ತಿರಬಹುದು. ಒಬ್ಬರ ಅಜಾಗರೂಕತೆಯ ಬೆಲೆಯನ್ನು ಮನೆಯವರೆಲ್ಲ ತೆರಬೇಕಾದೀತು.

ಸ್ಪೈವೇರಿನ ಲಕ್ಷಣಗಳೇನು? ಬ್ರೌಸರಿನ ಮೊದಲ ಪುಟ ತಾನಾಗಿ ಬದಲಾಗುವುದು, ಹುಡುಕಿದ್ದೊಂದು ಬಂದದ್ದೊಂದು ಆಗುವುದು, ನೀವು ಹಾಕಿಕೊಳ್ಳದ ಪಟ್ಟಿ ಅಥವಾ ಗುಂಡಿ ಕಾಣಿಸಿಕೊಳ್ಳುವುದು, ವೈರಸ್ ತಡೆಯುವ ತಂತ್ರಾಂಶ ತಾನಾಗಿ ನಿಂತುಹೋಗುವುದು, ಸುಮ್ಮನಿದ್ದಾಗಲೂ ಯಂತ್ರ ಏದುಸಿರು ಬಿಡುವುದು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಗಾಬರಿ ಬೇಡ, ಹಳೆಯ ಯಂತ್ರವೂ ನಿಧಾನವಾಗುತ್ತದೆ. ಎರಡು ಮೂರು ಒಟ್ಟಿಗೆ ಕಂಡರೆ ಪರೀಕ್ಷಿಸಲೇಬೇಕು. ಏನೂ ಕಾಣದಂತೆ ಅಡಗಿರುವ ಸ್ಪೈವೇರ್ ಸಹ ಉಂಟು. ಆದ್ದರಿಂದ ಆಗಾಗ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಒಂದು ಎಚ್ಚರಿಕೆ. 'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್‌ಗಳಿವೆ, ತಕ್ಷಣ ಇಲ್ಲಿ ಒತ್ತಿ' ಎಂದು ಜಾಲಪುಟವೊಂದು ಕೂಗಿದರೆ ನಂಬಬೇಡಿ. ಜಾಲಪುಟಕ್ಕೆ ನಿಮ್ಮ ಹಾರ್ಡ್‌ಡಿಸ್ಕನ್ನು ಹುಡುಕಿ ನೋಡುವ ಸಾಮರ್ಥ್ಯವಿಲ್ಲ. ಅನೇಕ ವೇಳೆ ಸ್ಪೈವೇರ್ ಒಳಗೆ ಬರುವುದು ಈ ಕೂಗಿನಿಂದಲೇ.

ಈಗ ಮುಖ್ಯ ಪ್ರಶ್ನೆ. ಅಳಿಸಿದ ಸ್ಪೈವೇರ್ ಮರುದಿನ ಮತ್ತೆ ಹಾಜರಾಗುವುದೇಕೆ?

ಹೊಲದಲ್ಲಿ ಜೇಕು ಎಂಬ ಕಳೆ ನೋಡಿರಬಹುದು. ಮೇಲಿನ ಗರಿಯನ್ನು ಕಿತ್ತರೆ ಹೊಲ ಸ್ವಚ್ಛವಾದಂತೆ ಕಾಣುತ್ತದೆ. ಆದರೆ ಮಣ್ಣಿನೊಳಗೆ ಗೆಡ್ಡೆ ಉಳಿದಿರುತ್ತದೆ, ವಾರದಲ್ಲಿ ಮತ್ತೆ ಚಿಗುರುತ್ತದೆ. ಸ್ಪೈವೇರ್ ಸಹ ಹೀಗೆಯೇ. ನಮಗೆ ಕಾಣುವ ಫೈಲು ಗರಿ ಮಾತ್ರ. ಗೆಡ್ಡೆಗಳು ಬೇರೆ ಬೇರೆ ಕಡೆ ಇರುತ್ತವೆ: ಯಂತ್ರ ಚಾಲೂ ಆದಾಗ ತಾನಾಗಿ ಓಡಬೇಕಾದ ಪ್ರೋಗ್ರಾಂಗಳ ಪಟ್ಟಿಯಲ್ಲಿ ಒಂದು, ನಿಗದಿತ ಹೊತ್ತಿಗೆ ಕೆಲಸ ಮಾಡಿಸುವ ಟಾಸ್ಕ್ ಶೆಡ್ಯೂಲರಿನಲ್ಲಿ ಇನ್ನೊಂದು, ಬ್ರೌಸರಿನ ಎಕ್ಸ್‌ಟೆನ್ಷನ್‌ಗಳಲ್ಲಿ ಮತ್ತೊಂದು. ಒಂದನ್ನು ಅಳಿಸಿದರೆ ಉಳಿದದ್ದು ಅದನ್ನು ಮತ್ತೆ ತಂದು ನೆಡುತ್ತದೆ.

ಕುಕಿಗಳಲ್ಲೂ ಈ ಉಪಾಯ ನಡೆದಿತ್ತು. ಒಂದೇ ಗುರುತನ್ನು ಬ್ರೌಸರಿನ ಹಲವು ಮೂಲೆಗಳಲ್ಲಿ ಬಚ್ಚಿಟ್ಟರೆ, ಒಂದು ಅಳಿದರೂ ಉಳಿದವುಗಳಿಂದ ಅದು ಮತ್ತೆ ಹುಟ್ಟಿಬರುತ್ತದೆ ಎಂಬುದನ್ನು ಸ್ಯಾಮಿ ಕಾಮ್ಕರ್ ಎಂಬವರು 2010ರಲ್ಲಿ 'ಎವರ್‌ಕುಕಿ' ಎಂಬ ಪ್ರಯೋಗದ ಮೂಲಕ ತೋರಿಸಿಕೊಟ್ಟರು. ಅಂಥ ಮೂಲೆಗಳಲ್ಲಿ ಒಂದಾಗಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ 2020ರ ಕೊನೆಯಲ್ಲಿ ಬೆಂಬಲ ನಿಂತುಹೋಯಿತು.

ಅಡಗುವ ಕಲೆಯಲ್ಲಿ ಇನ್ನೂ ಮುಂದೆ ಹೋದದ್ದು ರೂಟ್‌ಕಿಟ್. ಇದಕ್ಕೆ ಪ್ರಸಿದ್ಧ ಉದಾಹರಣೆ 2005ರಲ್ಲಿ ನಡೆಯಿತು. ಸೋನಿ ಬಿಎಂಜಿ ಸಂಗೀತ ಸಂಸ್ಥೆಯು ನಕಲು ತಡೆಯುವುದಕ್ಕಾಗಿ ತನ್ನ ಕೆಲವು ಸಿ.ಡಿ.ಗಳಲ್ಲಿ ಒಂದು ತಂತ್ರಾಂಶವನ್ನು ಸೇರಿಸಿತ್ತು. ಹಾಡು ಕೇಳಲು ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದವರ ವಿಂಡೋಸ್ ವ್ಯವಸ್ಥೆಯಲ್ಲಿ ಅದು ಸೇರಿಕೊಂಡು, ಒಂದು ನಿರ್ದಿಷ್ಟ ಗುರುತಿನಿಂದ ಆರಂಭವಾಗುವ ಹೆಸರಿನ ಫೈಲುಗಳೆಲ್ಲ ಕಣ್ಣಿಗೆ ಬೀಳದಂತೆ ಮಾಡುತ್ತಿತ್ತು. ಮಾರ್ಕ್ ರುಸಿನೋವಿಚ್ ಎಂಬ ತಜ್ಞರು ಇದನ್ನು ತಮ್ಮ ಕಂಪ್ಯೂಟರಿನಲ್ಲೇ ಪತ್ತೆಹಚ್ಚಿ 2005ರ ಅಕ್ಟೋಬರ್ 31ರಂದು ಪ್ರಕಟಿಸಿದರು. ಬೇರೆ ಕಿಡಿಗೇಡಿಗಳು ತಮ್ಮ ಫೈಲುಗಳಿಗೂ ಅದೇ ಗುರುತಿಟ್ಟು ಅದೇ ಮರೆಯಲ್ಲಿ ಅಡಗತೊಡಗಿದರು. ಅದನ್ನು ತೆಗೆಯಲೆಂದು ಕೊಟ್ಟ ಸಾಧನದಲ್ಲೂ ಹೊಸ ದೋಷ ಕಂಡುಬಂತು. ಕೊನೆಗೆ ಸಂಸ್ಥೆ ಆ ಸಿ.ಡಿ.ಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಈ ಪ್ರಸಂಗದಲ್ಲಿ ನಮಗೊಂದು ಪಾಠವಿದೆ. ಕಳ್ಳನೇ ಕಾವಲುಗಾರನ ಕಣ್ಣಿಗೆ ಪಟ್ಟಿ ಕಟ್ಟಿದ್ದರೆ ಕಾವಲುಗಾರನನ್ನು ಕೇಳಿ ಫಲವಿಲ್ಲ. ಆದ್ದರಿಂದ ಹಟಮಾರಿ ಸ್ಪೈವೇರನ್ನು, ವಿಂಡೋಸ್ ಪೂರ್ತಿ ಎಚ್ಚರಗೊಳ್ಳುವ ಮೊದಲೇ ಹುಡುಕಬೇಕು.

ಇನ್ನು ಸ್ವಚ್ಛಗೊಳಿಸುವ ಕ್ರಮ. ಇಲ್ಲಿ ಏನು ಮಾಡುತ್ತೀರಿ ಎಂಬಷ್ಟೇ ಮುಖ್ಯವಾದದ್ದು ಯಾವುದರ ನಂತರ ಯಾವುದು ಎಂಬುದು.

ಮೊದಲನೆಯದಾಗಿ, ಅಂತರಜಾಲದ ಸಂಪರ್ಕ ಕಡಿದುಬಿಡಿ. ಕದ್ದದ್ದು ಹೊರಗೆ ಹೋಗುವುದೂ, ಅಳಿಸಿದ್ದನ್ನು ಮತ್ತೆ ತರಿಸಿಕೊಳ್ಳುವುದೂ ನಿಲ್ಲುತ್ತದೆ. ನಿಮ್ಮ ಟಿಪ್ಪಣಿ, ಛಾಯಾಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಡಿ. ಪ್ರೋಗ್ರಾಂಗಳನ್ನು ನಕಲು ಮಾಡಬೇಡಿ.

ಎರಡನೆಯದಾಗಿ, ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಪಟ್ಟಿಯನ್ನು ತೆರೆದು, ದಿನಾಂಕದ ಕ್ರಮದಲ್ಲಿ ಜೋಡಿಸಿ. ತೊಂದರೆ ಶುರುವಾದ ದಿನಗಳಲ್ಲಿ ಬಂದ ಅಪರಿಚಿತ ಹೆಸರುಗಳನ್ನು ತೆಗೆಯಿರಿ. ಆದರೆ ಗೊತ್ತಿಲ್ಲದ್ದೆಲ್ಲ ಕೆಟ್ಟದ್ದಲ್ಲ. ಮುದ್ರಕಕ್ಕೋ ಧ್ವನಿಗೋ ಬೇಕಾದ ತಂತ್ರಾಂಶವೂ ಅಲ್ಲಿರುತ್ತದೆ. ಅನುಮಾನ ಬಂದರೆ ಬೇರೊಂದು ಯಂತ್ರದಲ್ಲಿ ಆ ಹೆಸರನ್ನು ಹುಡುಕಿ ನೋಡಿ.

ಮೂರನೆಯದಾಗಿ, ಬ್ರೌಸರ್. ನೀವು ಹಾಕಿಕೊಳ್ಳದ ಎಕ್ಸ್‌ಟೆನ್ಷನ್‌ಗಳನ್ನು ತೆಗೆಯಿರಿ. ಸೂಚನೆ ಕಳುಹಿಸಲು ಯಾವ ತಾಣಗಳಿಗೆ ಅನುಮತಿ ಇದೆ ಎಂದು ನೋಡಿ, ಬೇಡದ್ದನ್ನು ರದ್ದುಮಾಡಿ. ಪರದೆಯ ಮೂಲೆಯಲ್ಲಿ ಬಂದು ಕಾಡುವ ಜಾಹೀರಾತುಗಳಿಗೆ ಅನೇಕ ವೇಳೆ ಈ ಅನುಮತಿಯೇ ಕಾರಣ. ಇನ್ನೊಂದು ಗೆಡ್ಡೆ ಇಲ್ಲಿದೆ: ಒಂದೇ ಖಾತೆಯನ್ನು ಹಲವು ಯಂತ್ರಗಳಲ್ಲಿ ಹೊಂದಿಸುವ 'ಸಿಂಕ್' ಸೌಲಭ್ಯ ಚಾಲೂ ಇದ್ದರೆ, ಇಲ್ಲಿ ತೆಗೆದ ಎಕ್ಸ್‌ಟೆನ್ಷನ್ ಮತ್ತೊಂದು ಯಂತ್ರದಿಂದ ಹಿಂದಿರುಗಬಹುದು. ಸ್ವಚ್ಛವಾಗುವವರೆಗೆ ಅದನ್ನು ನಿಲ್ಲಿಸಿ.

ನಾಲ್ಕನೆಯದಾಗಿ, ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟ್‌ಅಪ್ ಪಟ್ಟಿಯನ್ನೂ, ಟಾಸ್ಕ್ ಶೆಡ್ಯೂಲರನ್ನೂ ನೋಡಿ. ಮೇಲೆ ಹೇಳಿದ ರುಸಿನೋವಿಚ್ ಅವರು ರೂಪಿಸಿದ, ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ 'ಆಟೋರನ್ಸ್' ಎಂಬ ಸಾಧನ ಇಂಥ ಜಾಗಗಳನ್ನು ಒಂದೇ ಕಡೆ ತೋರಿಸುತ್ತದೆ. ಅನುಮಾನಿತ ಸಾಲನ್ನು ಕೂಡಲೇ ಅಳಿಸುವ ಬದಲು ಗುರುತು ತೆಗೆದು ನಿಷ್ಕ್ರಿಯಗೊಳಿಸಿ. ತಪ್ಪಿದ್ದರೆ ಮತ್ತೆ ಗುರುತು ಹಾಕಬಹುದು.

ಐದನೆಯದಾಗಿ, ಸಂಪರ್ಕವನ್ನು ಮತ್ತೆ ಕೊಟ್ಟು, ಮೈಕ್ರೋಸಾಫ್ಟ್ ಡಿಫೆಂಡರನ್ನು ಹೊಸ ಮಾಹಿತಿಗೆ ನವೀಕರಿಸಿ ಪೂರ್ಣ ಶೋಧನೆ ಮಾಡಿಸಿ. ನಂತರ ಅದರಲ್ಲೇ ಇರುವ 'ಆಫ್‌ಲೈನ್ ಸ್ಕ್ಯಾನ್' ನಡೆಸಿ. ಯಂತ್ರ ಮರುಚಾಲೂ ಆಗಿ, ವಿಂಡೋಸ್ ಎಚ್ಚರಗೊಳ್ಳುವ ಮೊದಲೇ ಶೋಧನೆ ನಡೆಯುತ್ತದೆ. ಸುಮಾರು 15 ನಿಮಿಷ ಸಾಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿಯೂ ಉಚಿತ ಸಾಧನಗಳು ದೊರೆಯುತ್ತವೆ.

ಆರನೆಯದಾಗಿ, ಈಗ ಕುಕಿಗಳ ಸರದಿ. ಬ್ರೌಸರಿನಲ್ಲಿ ಕುಕಿಗಳನ್ನೂ ತಾಣಗಳ ಇತರ ಮಾಹಿತಿಯನ್ನೂ, 'ಎಲ್ಲ ಕಾಲದ್ದು' ಎಂದು ಆರಿಸಿ ಅಳಿಸಿ. ಬಳಿಕ ಮೂರನೆಯವರ ಕುಕಿಗಳನ್ನು ತಡೆಯುವಂತೆ ಹೊಂದಿಸಿ. ಸಫಾರಿ ಬ್ರೌಸರ್ 2020ರಿಂದ ಇವನ್ನು ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿಯೊಂದು ತಾಣದ ಕುಕಿಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಕ್ರೋಮ್‌ನಲ್ಲಿ ಇವನ್ನು ಪೂರ್ತಿ ಕೈಬಿಡುವುದಾಗಿ ಗೂಗಲ್ 2020ರಲ್ಲಿ ಹೇಳಿತ್ತಾದರೂ 2024ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಆದ್ದರಿಂದ ಅಲ್ಲಿ ನೀವೇ ಹೊಂದಿಸಿಕೊಳ್ಳಬೇಕು.

ಏಳನೆಯದು, ಬಹಳ ಜನ ಮರೆಯುವಂಥದ್ದು: ಪಾಸ್‌ವರ್ಡ್ ಬದಲಾವಣೆ. ಇದು ಕೊನೆಯಲ್ಲೇ ಬರಬೇಕು. ಯಂತ್ರದಲ್ಲಿ ಗೂಢಚಾರ ಕುಳಿತಿರುವಾಗಲೇ ಬದಲಾಯಿಸಿದರೆ ಹೊಸ ಬೀಗದ ಕೈಯನ್ನೂ ಅವನ ಮುಂದೆಯೇ ಇಟ್ಟಂತಾಗುತ್ತದೆ. ತಡೆಯಲಾಗದಷ್ಟು ತುರ್ತಿದ್ದರೆ ಬೇರೊಂದು ಸ್ವಚ್ಛ ಯಂತ್ರದಿಂದ ಮಾಡಿ. ಪಾಸ್‌ವರ್ಡ್ ಬದಲಾಯಿಸಿದ ಮೇಲೆ 'ಎಲ್ಲ ಸಾಧನಗಳಿಂದ ಹೊರಬನ್ನಿ' ಎಂಬ ಗುಂಡಿಯನ್ನೂ ಒತ್ತಬೇಕು. ಏಕೆ? ನೀವು ಒಮ್ಮೆ ಮಿಂಚಂಚೆಯೊಳಗೆ ಹೋದರೆ, ಪ್ರತಿ ಸಲ ಪಾಸ್‌ವರ್ಡ್ ಕೇಳದಂತೆ ನೋಡಿಕೊಳ್ಳುವುದೂ ಒಂದು ಕುಕಿಯೇ. ಸ್ಪೈವೇರ್ ಆ ಚೀಟಿಯನ್ನು ಕದ್ದೊಯ್ದಿದ್ದರೆ, ಪಾಸ್‌ವರ್ಡ್ ಗೊತ್ತಿಲ್ಲದೆಯೇ ಕಳ್ಳ ನಿಮ್ಮ ಹೆಸರಿನಲ್ಲಿ ಒಳಗೆ ಬರಬಲ್ಲ. ನಿಮ್ಮ ಯಂತ್ರದಲ್ಲಿರುವ ಚೀಟಿಯನ್ನು ಅಳಿಸಿದ ಮಾತ್ರಕ್ಕೆ ಅವನ ಕೈಯಲ್ಲಿರುವ ಪ್ರತಿ ಅಳಿಯುವುದಿಲ್ಲ. ಎಲ್ಲ ಕಡೆಯಿಂದಲೂ ಹೊರಬಂದಾಗ ತಾಣವೇ ಆ ಹಳೆಯ ಚೀಟಿಗಳನ್ನು ರದ್ದುಮಾಡುತ್ತದೆ.

ಇಷ್ಟಾದರೂ ಮತ್ತೆ ಬಂದರೆ? ಆಗ ಹಠ ಬೇಡ. ವಿಂಡೋಸನ್ನು ಹೊಸದಾಗಿ ಹಾಕುವುದೇ ಲೇಸು. ನಿಮ್ಮ ದಾಖಲೆಗಳ ನಕಲು ಇದ್ದರೆ ಇದು ಒಂದು ಮಧ್ಯಾಹ್ನದ ಕೆಲಸ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಆಗ ಗಮನಿಸಿ, ಸಾಧ್ಯವಿದ್ದರೆ ಮುಂದಿನ ಆವೃತ್ತಿಯನ್ನೇ ಹಾಕಿಕೊಳ್ಳಿ.

ಒಂದು ಸೂಕ್ಷ್ಮ ವಿಚಾರ. ಎಲ್ಲ ಸ್ಪೈವೇರ್ ಅಪರಿಚಿತರಿಂದಲೇ ಬರುವುದಿಲ್ಲ. ಪರಿಚಯದವರೇ ನಿಮ್ಮ ಚಲನವಲನ ತಿಳಿಯಲೆಂದು ಹಾಕಿರಬಹುದು. ಅಂಥ ಅನುಮಾನವಿದ್ದರೆ ಆತುರದಿಂದ ಅಳಿಸಬೇಡಿ. ಅಳಿಸಿದ್ದು ಅವರಿಗೆ ತಿಳಿಯುತ್ತದೆ, ಸಾಕ್ಷ್ಯವೂ ಹೋಗುತ್ತದೆ. ಬೇರೆ ಯಂತ್ರ ಬಳಸಿ, ನಂಬುವ ಹಿರಿಯರಿಗೆ ತಿಳಿಸಿ, ಪೊಲೀಸರ ನೆರವು ಪಡೆಯಿರಿ. ಬೇರೆಯವರ ಕಂಪ್ಯೂಟರಿಗೆ ಅನುಮತಿಯಿಲ್ಲದೆ ಇಂಥ ತಂತ್ರಾಂಶ ಸೇರಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ತಮಾಷೆಗೆಂದು ಗೆಳೆಯನ ಯಂತ್ರಕ್ಕೆ ಹಾಕುವವರೂ ಇದನ್ನು ನೆನಪಿಡಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ.

ಕೊನೆಯದಾಗಿ, ಈ ಅತಿಥಿಗಳಿಗೆ ಬಾಗಿಲು ತೆರೆಯುವವರು ಹೆಚ್ಚಿನ ಸಂದರ್ಭಗಳಲ್ಲಿ ನಾವೇ. ಹಣ ಕೊಡಬೇಕಾದ ಆಟ ಅಥವಾ ತಂತ್ರಾಂಶದ 'ಕ್ರ್ಯಾಕ್' ಮಾಡಿದ ಪ್ರತಿ, ಪುಸ್ತಕ ಕೊಡುತ್ತೇನೆಂದು ಪ್ರೋಗ್ರಾಂ ಇಳಿಸುವ ತಾಣ, ಓದದೆಯೇ 'ಮುಂದೆ, ಮುಂದೆ' ಎಂದು ಒತ್ತುವ ನಮ್ಮ ಬೆರಳು, ಇವೇ ಆ ಬಾಗಿಲುಗಳು. ಪುಕ್ಕಟೆ ಸಿಕ್ಕಿದ್ದಕ್ಕೆ ಬೇರೆ ಯಾವುದೋ ರೂಪದಲ್ಲಿ ಬೆಲೆ ತೆರುತ್ತಿದ್ದೇವೆಯೇ ಎಂದು ಒಂದು ಕ್ಷಣ ಕೇಳಿಕೊಳ್ಳಿ. ಮನೆಯ ಕಂಪ್ಯೂಟರಿನಲ್ಲಿ ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯನ್ನು ಇಟ್ಟುಕೊಳ್ಳಿ. ಆಗ ಯಾವುದೇ ಪ್ರೋಗ್ರಾಂ ವ್ಯವಸ್ಥೆಯೊಳಗೆ ಆಳವಾಗಿ ಇಳಿಯಬೇಕಾದರೆ ಮನೆಯ ಹಿರಿಯರ ಪಾಸ್‌ವರ್ಡ್ ಕೇಳಬೇಕಾಗುತ್ತದೆ.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಯಂತ್ರವನ್ನು ಒಮ್ಮೆ ಪರೀಕ್ಷಿಸಿ ನೋಡಿ. ಅಲ್ಲಿ ಯಾರು ಯಾರು ಕುಳಿತಿದ್ದಾರೆ ಎಂಬುದು ಮನೆಯ ಯಜಮಾನರಿಗೆ ತಿಳಿದಿರಬೇಕಲ್ಲವೇ?