ಆನ್‌ಲೈನ್ ಕಲಿಕೆಯಲ್ಲಿ ಚಟುವಟಿಕೆಯ ವಿನ್ಯಾಸ

1. ನೋಡುವುದು, ಮಾಡುವುದು

ಆನ್‌ಲೈನ್ ಪಾಠ ಸಿದ್ಧಪಡಿಸುವವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಏನನ್ನು ಹೇಳಬೇಕು? ಹೇಳಿದ್ದನ್ನು ಇಟ್ಟುಕೊಂಡು ವಿದ್ಯಾರ್ಥಿ ಏನು ಮಾಡಬೇಕು? ಮೊದಲ ಪ್ರಶ್ನೆಗೆ ಪಠ್ಯಕ್ರಮವೇ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರವನ್ನು ಅಧ್ಯಾಪಕರೇ ಕಟ್ಟಿಕೊಳ್ಳಬೇಕು. ತರಗತಿಯ ಕೋಣೆಯಲ್ಲಿ ಸಿದ್ಧ ಉತ್ತರವಿಲ್ಲದ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮುಖಗಳನ್ನು ನೋಡಿ ಅರ್ಥವಾಗಲಿಲ್ಲವೆಂದು ತಿಳಿದೊಡನೆ ಅಧ್ಯಾಪಕರು ಉದಾಹರಣೆ ಬದಲಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ, ಒಬ್ಬರನ್ನು ಬೋರ್ಡಿನ ಬಳಿಗೆ ಕರೆಯುತ್ತಾರೆ. ಆನ್‌ಲೈನಿನಲ್ಲಿ ಇವೆಲ್ಲವನ್ನೂ ಮೊದಲೇ ಯೋಚಿಸಿ ಪಾಠದೊಳಗೆ ಇಡಬೇಕಾಗುತ್ತದೆ.

2012ರಲ್ಲಿ ಅಮೆರಿಕದ ಎಂಐಟಿ ವಿದ್ಯುನ್ಮಂಡಲಗಳ ಬಗ್ಗೆ ಒಂದು ಮುಕ್ತ ಆನ್‌ಲೈನ್ ಕೋರ್ಸ್ ನಡೆಸಿತು. ಅದರ ಮುಂದಾಳು ಮಂಗಳೂರಿನಲ್ಲಿ ಶಾಲೆ ಓದಿದ ಅನಂತ ಅಗರ್ವಾಲ್. ನೋಂದಾಯಿಸಿದವರು ಸುಮಾರು 1,55,000 ಮಂದಿ, ಪ್ರಮಾಣಪತ್ರ ಪಡೆದವರು 7,157 ಮಂದಿ. ಕುತೂಹಲಕ್ಕಷ್ಟೇ ಹೆಸರು ಕೊಟ್ಟವರೂ ಆ ದೊಡ್ಡ ಸಂಖ್ಯೆಯಲ್ಲಿ ಇದ್ದುದರಿಂದ ಇದನ್ನು ಪೂರ್ಣ ಸೋಲೆಂದು ಎಣಿಸಲಾಗದು. ಆದರೆ ಪಾಠ ಕೈಗೆ ಸಿಕ್ಕಿದೆ ಎಂದ ಮಾತ್ರಕ್ಕೆ ಕಲಿಕೆ ಮುಗಿಯುವುದಿಲ್ಲ ಎಂಬುದು ಇಂಥ ಕೋರ್ಸುಗಳಿಂದ ಸ್ಪಷ್ಟವಾಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನೆತ್ ಕೋಡಿಂಜರ್ ಮತ್ತು ಸಂಗಡಿಗರು ಮನೋವಿಜ್ಞಾನದ ಒಂದು ಮುಕ್ತ ಕೋರ್ಸನ್ನು ವಿಶ್ಲೇಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಡಿಯೊ ನೋಡುವುದಕ್ಕೆ ಅಥವಾ ಪುಟ ಓದುವುದಕ್ಕೆ ಹೋಲಿಸಿದರೆ, ಚಟುವಟಿಕೆ ಮಾಡುವುದಕ್ಕೂ ಕಲಿಕೆಗೂ ಇರುವ ನಂಟು ಸುಮಾರು ಆರು ಪಟ್ಟು ಬಲವಾದುದೆಂದು ಅವರ ಲೆಕ್ಕ ತೋರಿಸಿತು.

ಎಲ್ಲ ಚಟುವಟಿಕೆಗಳೂ ಒಂದೇ ತೂಕದವಲ್ಲ. ಮಿಷೆಲೀನ್ ಚಿ ಮತ್ತು ರೂತ್ ವೈಲಿ 2014ರಲ್ಲಿ ವಿದ್ಯಾರ್ಥಿಯ ತೊಡಗುವಿಕೆಯನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಸುಮ್ಮನೆ ಕೇಳುವುದು ಮೊದಲ ಹಂತ. ಗೆರೆ ಎಳೆಯುವುದು, ನಕಲು ಮಾಡಿಕೊಳ್ಳುವುದು ಎರಡನೆಯದು. ಪಾಠದಲ್ಲಿ ಇಲ್ಲದ ಹೊಸದೊಂದನ್ನು, ಅಂದರೆ ಸ್ವಂತ ವಿವರಣೆಯನ್ನೋ ನಕ್ಷೆಯನ್ನೋ ಉದಾಹರಣೆಯನ್ನೋ ರಚಿಸುವುದು ಮೂರನೆಯದು. ಇನ್ನೊಬ್ಬರ ಜೊತೆ ವಾದಿಸಿ, ತಿದ್ದಿ, ಕೂಡಿ ರಚಿಸುವುದು ನಾಲ್ಕನೆಯದು. ಹಂತ ಏರಿದಷ್ಟೂ ಕಲಿಕೆ ಆಳವಾಗುತ್ತದೆಂಬುದು ಅವರ ವಾದ. ಗುಂಡಿ ಒತ್ತಿ ಪುಟ ತಿರುಗಿಸುವ ‘ಚಟುವಟಿಕೆ’ಗಳು ಎರಡನೆಯ ಹಂತವನ್ನು ದಾಟುವುದಿಲ್ಲ.

2. ಉದ್ದೇಶದಿಂದ ಆರಂಭ

ಆಸ್ಟ್ರೇಲಿಯದ ಜಾನ್ ಬಿಗ್ಸ್ 1996ರಲ್ಲಿ ಮಂಡಿಸಿದ ತತ್ತ್ವ ಸರಳವಾದುದು: ಕಲಿಕೆಯ ಉದ್ದೇಶ, ಕಲಿಸುವ ಚಟುವಟಿಕೆ, ಮೌಲ್ಯಮಾಪನ ಈ ಮೂರೂ ಒಂದೇ ಕ್ರಿಯಾಪದದ ಮೇಲೆ ನಿಲ್ಲಬೇಕು. ‘ವಿಶ್ಲೇಷಿಸುವುದು’ ಉದ್ದೇಶವಾಗಿದ್ದರೆ, ವ್ಯಾಖ್ಯೆ ಕೇಳುವ ಕ್ವಿಜ್ ಅದನ್ನು ಅಳೆಯಲಾರದು. ‘ತಿಳಿದುಕೊಳ್ಳುವರು’, ‘ಅರಿವು ಪಡೆಯುವರು’ ಎಂಬ ಮಾತುಗಳನ್ನು ಬಿಟ್ಟು, ಕಣ್ಣಿಗೆ ಕಾಣುವ ಕೆಲಸವನ್ನು ಹೆಸರಿಸುವುದು ವಿನ್ಯಾಸದ ಮೊದಲ ಹೆಜ್ಜೆ.

ಪದವಿ ತರಗತಿಯ ಅರ್ಥಶಾಸ್ತ್ರದಲ್ಲಿ ಬೇಡಿಕೆ ಮತ್ತು ಪೂರೈಕೆಯ ಅಧ್ಯಾಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಉದ್ದೇಶವನ್ನು ಹೀಗೆ ಬರೆಯಬಹುದು: ‘ಮಾರುಕಟ್ಟೆಯಲ್ಲಿ ಕಂಡ ಬೆಲೆಯ ಏರಿಳಿತಕ್ಕೆ ಕಾರಣ ಬೇಡಿಕೆಯ ಕಡೆಯದೋ ಪೂರೈಕೆಯ ಕಡೆಯದೋ ಎಂದು ಗುರುತಿಸಿ, ರೇಖಾಚಿತ್ರ ಬರೆದು ಸಮರ್ಥಿಸುವುದು.’ ಈ ಒಂದು ವಾಕ್ಯದಿಂದ ಮುಂದಿನ ಎಲ್ಲ ಚಟುವಟಿಕೆಗಳೂ ಹುಟ್ಟುತ್ತವೆ.

3. ನೆನಪಿನಿಂದ ಹೊರತೆಗೆಯುವ ಕೆಲಸ

ಓದಿದ್ದನ್ನು ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಗದ್ಯಭಾಗವನ್ನು ಎರಡು ಬಾರಿ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮರು ಓದಿದವರದೇ ಮೇಲುಗೈ. ಒಂದು ವಾರ ಕಳೆದಾಗ ಲೆಕ್ಕ ತಿರುವುಮುರುವಾಯಿತು: ಬರೆದು ನೋಡಿದವರಿಗೆ ಶೇ. 56ರಷ್ಟು ನೆನಪಿದ್ದರೆ ಮರು ಓದಿದವರಿಗೆ ಶೇ. 42ರಷ್ಟು. ಮರು ಓದಿನಿಂದ ಹುಟ್ಟುವ ‘ಗೊತ್ತಾಯಿತು’ ಎಂಬ ಭಾವನೆ ನಂಬಲರ್ಹವಲ್ಲ ಎಂಬುದೇ ಇದರ ಪಾಠ.

ಆದ್ದರಿಂದ ಅಂಕಗಳ ಭಯವಿಲ್ಲದ ಸಣ್ಣ ಕ್ವಿಜ್‌ಗಳನ್ನು ಪಾಠದ ಉದ್ದಕ್ಕೂ, ದಿನಗಳ ಅಂತರದಲ್ಲಿ ಹರಡಬೇಕು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪ್ರತಿ ವಾರ ಅಸೈನ್‌ಮೆಂಟ್ ಇರುತ್ತದೆ. ಹನ್ನೆರಡು ವಾರಗಳ ಕೋರ್ಸಿನಲ್ಲಿ ಅತ್ಯುತ್ತಮ ಎಂಟರ ಸರಾಸರಿಯನ್ನು ಅಂತಿಮ ಅಂಕದ ಶೇ. 25ಕ್ಕೆ ಪರಿಗಣಿಸುವುದು ರೂಢಿ, ಉಳಿದ ಶೇ. 75 ಕೇಂದ್ರದಲ್ಲಿ ಬರೆಯುವ ಪರೀಕ್ಷೆಗೆ. ವಾರದ ಗಡುವು ಓದಿಗೆ ಒಂದು ಲಯ ಕೊಡುತ್ತದೆ. ಕಾಯಿಲೆ, ಕೆಲಸ, ಕರೆಂಟು ಹೋದ ದಿನಗಳಿಗೆ ನಾಲ್ಕು ವಾರಗಳ ರಿಯಾಯಿತಿ ಅವಕಾಶ ಮಾಡಿಕೊಡುತ್ತದೆ.

ಕ್ವಿಜ್‌ನ ಗುಣ ನಿಂತಿರುವುದು ತಪ್ಪು ಆಯ್ಕೆಗಳ ಮೇಲೆ. ವಿದ್ಯಾರ್ಥಿಗಳು ನಿಜವಾಗಿ ಮಾಡುವ ತಪ್ಪುಗಳೇ ಆಯ್ಕೆಗಳಾಗಬೇಕು. ಬೆಲೆ ಇಳಿದಾಗ ಕೊಳ್ಳುವ ಪ್ರಮಾಣ ಹೆಚ್ಚುವುದು ಬೇಡಿಕೆಯ ವಿಸ್ತರಣೆ. ಆದಾಯ ಏರಿ ಅದೇ ಬೆಲೆಗೆ ಹೆಚ್ಚು ಕೊಳ್ಳುವುದು ಬೇಡಿಕೆಯ ಹೆಚ್ಚಳ. ಮೊದಲನೆಯದರಲ್ಲಿ ರೇಖೆಯ ಮೇಲೆಯೇ ಚಲನೆ, ಎರಡನೆಯದರಲ್ಲಿ ರೇಖೆಯೇ ಬಲಕ್ಕೆ ಸರಿಯುತ್ತದೆ. ಇವೆರಡೂ ಒಂದೇ ಎಂಬ ಗೊಂದಲವನ್ನು ತಪ್ಪು ಆಯ್ಕೆಯಾಗಿ ಇಟ್ಟು, ಅದನ್ನು ಆರಿಸಿದವರಿಗೆ ‘ಇಲ್ಲಿ ಬದಲಾದದ್ದು ಬೆಲೆಯೋ, ಆದಾಯವೋ?’ ಎಂಬ ಮರುಪ್ರಶ್ನೆ ತೋರಿಸಿದರೆ, ‘ತಪ್ಪು’ ಎಂಬ ಕೆಂಪು ಗುರುತು ಮಾಡಲಾಗದ ಕೆಲಸವನ್ನು ಅದು ಮಾಡುತ್ತದೆ.

4. ವಿಡಿಯೊದ ಸುತ್ತ ಚಟುವಟಿಕೆ

ಎಡ್‌ಎಕ್ಸ್ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಪರಿಶೀಲಿಸಿದ 2014ರ ಅಧ್ಯಯನವೊಂದರಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ನೋಡುವ ಮಧ್ಯಾಂಕ ಅವಧಿ ಆರು ನಿಮಿಷ ಮೀರಲಿಲ್ಲ. ಐವತ್ತು ನಿಮಿಷಗಳ ಉಪನ್ಯಾಸವನ್ನು ಚಿತ್ರೀಕರಿಸಿ ಏರಿಸುವುದು ಹಾಗಾಗಿ ನಿಷ್ಫಲ. ಅದನ್ನು ಒಂದೊಂದು ಪರಿಕಲ್ಪನೆಯ ಸಣ್ಣ ತುಂಡುಗಳಾಗಿಸಿ, ಪ್ರತಿ ತುಂಡಿಗೆ ಮೊದಲು ಒಂದು ಊಹೆ, ನಂತರ ಒಂದು ಕೆಲಸ ಇಡುವುದು ಉತ್ತಮ. ‘ಮಳೆ ಹೆಚ್ಚಾಗಿ ಟೊಮೆಟೊ ಬೆಳೆ ಕೊಳೆತರೆ ಯಾವ ರೇಖೆ ಎತ್ತ ಸರಿಯುತ್ತದೆ?’ ಎಂದು ಕೇಳಿ, ಉತ್ತರ ಬರೆಸಿಕೊಂಡ ಮೇಲೆ ವಿಡಿಯೊ ತೆರೆದರೆ, ನೋಡುವವರಿಗೆ ಹುಡುಕಲು ಏನೋ ಇರುತ್ತದೆ.

ಜಾನ್ ಸ್ವೆಲರ್ 1988ರಿಂದ ಬೆಳೆಸಿದ ಜ್ಞಾನಾತ್ಮಕ ಹೊರೆಯ ಸಿದ್ಧಾಂತವೂ ಇಲ್ಲಿ ಮುಖ್ಯ. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಹೊಸ ಅಂಶಗಳು ಕೆಲವೇ. ಹೊಸಬರಿಗೆ ಮೊದಲು ಪೂರ್ತಿ ಬಿಡಿಸಿದ ಲೆಕ್ಕ, ನಂತರ ಕೊನೆಯ ಹಂತ ಬಿಟ್ಟ ಲೆಕ್ಕ, ಆಮೇಲೆ ಸ್ವತಂತ್ರ ಲೆಕ್ಕ ಕೊಡುವ ಕ್ರಮ ಈ ಹೊರೆಯನ್ನು ಹಗುರಗೊಳಿಸುತ್ತದೆ.

5. ಕೂಡಿ ಮಾಡುವ ಕೆಲಸ

ಆನ್‌ಲೈನ್ ತರಗತಿಯ ವಿದ್ಯಾರ್ಥಿಗಳು ಬೇರೆ ಬೇರೆ ಊರುಗಳಲ್ಲಿ ಇರುತ್ತಾರೆ. ಇದನ್ನು ಕೊರತೆಯೆಂದು ಬಗೆಯದೆ ಚಟುವಟಿಕೆಯ ಬಂಡವಾಳವಾಗಿಸಬಹುದು. ಪ್ರತಿ ವಿದ್ಯಾರ್ಥಿ ತನ್ನೂರಿನ ಸಂತೆ ಅಥವಾ ಅಂಗಡಿಯಲ್ಲಿ ಟೊಮೆಟೊ ಮತ್ತು ಈರುಳ್ಳಿಯ ದರವನ್ನು ಒಂದು ವಾರ ಗುರುತಿಸಿ ಹಂಚಿಕೆಯ ಪಟ್ಟಿಗೆ ಸೇರಿಸುತ್ತಾನೆ. ಕೋಲಾರದ ದರಕ್ಕೂ ಕಾರವಾರದ ದರಕ್ಕೂ ವ್ಯತ್ಯಾಸ ಕಂಡಾಗ ಸಾಗಣೆ ವೆಚ್ಚ, ಆವಕ, ಹಬ್ಬದ ಬೇಡಿಕೆಗಳ ಪ್ರಶ್ನೆ ತಾನಾಗಿ ಏಳುತ್ತದೆ. ಒಂದೇ ಊರಿನ ತರಗತಿಗೆ ಈ ಅನುಕೂಲ ಸುಲಭಕ್ಕೆ ಸಿಗದು.

ಎಲಿಯಟ್ ಅರಾನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಶಾಲೆಗಳಲ್ಲಿ ರೂಪಿಸಿದ ಜಿಗ್‌ಸಾ ಪದ್ಧತಿ ಇಂಥ ಕೆಲಸಕ್ಕೆ ಒಗ್ಗುತ್ತದೆ. ಐವರ ಗುಂಪಿನಲ್ಲಿ ಒಬ್ಬರು ಆವಕ, ಒಬ್ಬರು ಸಾಗಣೆ, ಒಬ್ಬರು ಹವಾಮಾನ, ಒಬ್ಬರು ಸಗಟು ದರ, ಒಬ್ಬರು ಚಿಲ್ಲರೆ ದರ ಎಂದು ಹಂಚಿಕೊಂಡರೆ, ಪ್ರತಿಯೊಬ್ಬರ ಭಾಗವಿಲ್ಲದೆ ಅಂತಿಮ ವರದಿ ಪೂರ್ಣವಾಗದು. ಒಬ್ಬರು ಬರೆದು ನಾಲ್ವರು ಹೆಸರು ಸೇರಿಸುವ ಅಭ್ಯಾಸಕ್ಕೆ ಇದು ತಡೆ.

ಗುಂಪಿನ ಕೆಲಸಕ್ಕೆ ಪರಿಚಯವೇ ಮೊದಲ ಮೆಟ್ಟಿಲು. ಬ್ರಿಟನ್ನಿನ ಗಿಲ್ಲಿ ಸಾಲ್ಮನ್ ಗುರುತಿಸಿದ ಐದು ಹಂತಗಳಲ್ಲಿ ಪ್ರವೇಶ, ಪರಿಚಯ, ಮಾಹಿತಿ ವಿನಿಮಯಗಳ ಬಳಿಕವೇ ಜ್ಞಾನದ ರಚನೆ ಬರುತ್ತದೆ. ಮೊದಲ ವಾರವೇ ಸಂಕೀರ್ಣ ಯೋಜನೆ ಕೊಟ್ಟರೆ ಗುಂಪುಗಳು ಒಡೆಯುತ್ತವೆ. ಚರ್ಚೆಗೆ ಇಡುವ ಪ್ರಶ್ನೆ ಒಂದೇ ಸರಿ ಉತ್ತರದ್ದಾಗಿರಬಾರದು; ಹಾಗಿದ್ದರೆ ಮೊದಲು ಉತ್ತರಿಸಿದವರ ನಂತರ ಉಳಿದವರಿಗೆ ‘ನಾನೂ ಒಪ್ಪುತ್ತೇನೆ’ ಎನ್ನುವುದಷ್ಟೇ ಉಳಿಯುತ್ತದೆ.

6. ಸೂಚನೆ ಮತ್ತು ಹಿಮ್ಮಾಹಿತಿ

ಅಧ್ಯಾಪಕರು ಎದುರಿಗಿಲ್ಲದ ಕಡೆ ಸೂಚನೆಯೇ ಅಧ್ಯಾಪಕ. ಪ್ರತಿ ಚಟುವಟಿಕೆಯ ಸೂಚನೆಯಲ್ಲಿ ಆರು ಸಂಗತಿಗಳಿರಬೇಕು: ಏನು ಮಾಡಬೇಕು, ಏಕೆ ಮಾಡಬೇಕು, ಎಷ್ಟು ಹೊತ್ತು ಹಿಡಿಯುತ್ತದೆ, ಯಾವ ರೂಪದಲ್ಲಿ ಎಲ್ಲಿ ಸಲ್ಲಿಸಬೇಕು, ಕೊನೆಯ ದಿನ ಯಾವುದು, ಯಾವ ಮಾನದಂಡದಿಂದ ಅಳೆಯಲಾಗುತ್ತದೆ. ಒಳ್ಳೆಯ ಉತ್ತರದ ಒಂದು ಮಾದರಿ, ಸಾಧಾರಣ ಉತ್ತರದ ಒಂದು ಮಾದರಿ ಜೊತೆಗಿದ್ದರೆ ಮಾನದಂಡದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗುವುದಿಲ್ಲ.

ಜಾನ್ ಹ್ಯಾಟಿ ಮತ್ತು ಹೆಲೆನ್ ಟಿಂಪರ್ಲಿ 2007ರಲ್ಲಿ ಹೇಳಿದಂತೆ ಹಿಮ್ಮಾಹಿತಿ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು: ಎಲ್ಲಿಗೆ ಹೋಗಬೇಕು, ಈಗ ಎಲ್ಲಿದ್ದೇನೆ, ಮುಂದಿನ ಹೆಜ್ಜೆ ಏನು. ‘ಉತ್ತಮ’, ‘ಸುಧಾರಿಸಿ’ ಎಂಬ ಷರಾಗಳು ಮೂರಕ್ಕೂ ಉತ್ತರವಲ್ಲ. ನೂರಾರು ವಿದ್ಯಾರ್ಥಿಗಳಿರುವಲ್ಲಿ ಕೆಲಸ ಹಂಚಬೇಕಾಗುತ್ತದೆ. ಸರಿ ತಪ್ಪುಗಳನ್ನು ಯಂತ್ರ ನೋಡಲಿ. ಕರಡನ್ನು ಮಾನದಂಡ ಹಿಡಿದು ಸಹಪಾಠಿಗಳು ಓದಲಿ. ಹಲವರಲ್ಲಿ ಕಂಡ ಸಮಾನ ತಪ್ಪುಗಳನ್ನು ಅಧ್ಯಾಪಕರು ಆಯ್ದು ಇಡೀ ತರಗತಿಗೆ ಒಂದು ಧ್ವನಿಮುದ್ರಿಕೆಯಲ್ಲಿ ವಿವರಿಸಲಿ. ಹಿಮ್ಮಾಹಿತಿಯನ್ನು ಬಳಸಿ ತಿದ್ದಿ ಮರುಸಲ್ಲಿಸುವ ಅವಕಾಶವಿಲ್ಲದಿದ್ದರೆ ಅದನ್ನು ಓದುವವರು ವಿರಳ.

7. ಸಾಧನ ಮತ್ತು ಸಂಪರ್ಕ

2020ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕದ ಶಿಕ್ಷಣ ಇಲಾಖೆ ವಿದ್ಯಾಗಮ ಕಾರ್ಯಕ್ರಮದಡಿ ಶಿಕ್ಷಕರನ್ನು ಮಕ್ಕಳಿರುವ ಊರು, ಕೇರಿಗಳಿಗೇ ಕಳುಹಿಸಿತು. ಮನೆಮನೆಯಲ್ಲೂ ಸ್ಮಾರ್ಟ್‌ಫೋನ್ ಇಲ್ಲವೆಂಬುದು ಅದರ ಹಿನ್ನೆಲೆ. ಕಾಲೇಜು ಹಂತದಲ್ಲಿ ಫೋನ್ ಇದ್ದರೂ ಅದು ಸಣ್ಣ ಪರದೆಯದು, ಕೆಲವೊಮ್ಮೆ ಮನೆಯವರೆಲ್ಲರದು. ಚಟುವಟಿಕೆಯನ್ನು ಮೊದಲು ಫೋನಿನಲ್ಲೇ ಮಾಡಿ ನೋಡುವುದು ಹಾಗಾಗಿ ಅಗತ್ಯ. ಸೆಕೆಂಡಿಗೆ 32 ಕಿಲೊಬಿಟ್ ವೇಗದ ಹತ್ತು ನಿಮಿಷಗಳ ಧ್ವನಿಪಾಠಕ್ಕೆ ಸುಮಾರು 2.4 ಎಂಬಿ ಸಾಕು. ಅಷ್ಟೇ ಅವಧಿಯ ವಿಡಿಯೊ ಅದರ ಹಲವು ಪಟ್ಟು ಡೇಟಾ ತಿನ್ನುತ್ತದೆ. ಚಿತ್ರ ಬೇಕಾದಲ್ಲಿ ಮಾತ್ರ ವಿಡಿಯೊ, ಉಳಿದಂತೆ ಧ್ವನಿ ಮತ್ತು ಪಠ್ಯ ಎಂಬ ನಿಯಮ ಉಪಯುಕ್ತ. 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸುಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಅಂಗಗಳಿರುವುದು ಇದೇ ದಿಕ್ಕಿನದು. ಅಡಿಬರಹವುಳ್ಳ ವಿಡಿಯೊ ಕಿವಿ ಕೇಳದವರಿಗೂ ಗದ್ದಲದ ಮನೆಯವರಿಗೂ, ವಿವರಣೆಯುಳ್ಳ ಚಿತ್ರ ಸ್ಕ್ರೀನ್ ರೀಡರ್ ಬಳಸುವವರಿಗೂ ಬೇಕು. ನೇರ ತರಗತಿಯಲ್ಲಿ ನಡೆದ ಚಟುವಟಿಕೆಗೆ, ತಪ್ಪಿಸಿಕೊಂಡವರು ಬಿಡುವಾದಾಗ ಮಾಡಬಹುದಾದ ಪರ್ಯಾಯವೂ ಇರಬೇಕು.

8. ಪ್ರಾಮಾಣಿಕತೆ ಮತ್ತು ಪರಿಷ್ಕರಣೆ

2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಸಾಮಾನ್ಯ ಪ್ರಬಂಧದ ಪ್ರಶ್ನೆ ವಿದ್ಯಾರ್ಥಿಯ ತಿಳಿವನ್ನು ಅಳೆಯುವ ಶಕ್ತಿ ಕಳೆದುಕೊಂಡಿದೆ. ಕಾವಲು ಹೆಚ್ಚಿಸುವುದಕ್ಕಿಂತ ಚಟುವಟಿಕೆಯ ರಚನೆ ಬದಲಿಸುವುದು ಹೆಚ್ಚು ಫಲಕಾರಿ. ತನ್ನೂರಿನ ಸಂತೆಯ ದರದ ಟಿಪ್ಪಣಿ, ಕರಡಿನಿಂದ ಅಂತಿಮ ವರದಿಯವರೆಗಿನ ದಾಖಲೆ, ಐದು ನಿಮಿಷಗಳ ಮೌಖಿಕ ಪ್ರಶ್ನೋತ್ತರ ಈ ಮೂರೂ ಸೇರಿದರೆ ಎರವಲು ಉತ್ತರ ಬೇಗ ಬಯಲಾಗುತ್ತದೆ. ಅದೇ ಕೆಲಸ ಕಲಿಕೆಯನ್ನೂ ಗಟ್ಟಿಗೊಳಿಸುತ್ತದೆ.

ಒಂದು ಬಾರಿ ನಡೆಸಿದ ಮೇಲೆ ಚಟುವಟಿಕೆಯನ್ನೇ ಪರೀಕ್ಷಿಸಬೇಕು. ಬಹುಪಾಲು ವಿದ್ಯಾರ್ಥಿಗಳು ಒಂದೇ ತಪ್ಪು ಆಯ್ಕೆ ಒತ್ತಿದ್ದರೆ ಪಾಠದಲ್ಲೋ ಪ್ರಶ್ನೆಯ ವಾಕ್ಯದಲ್ಲೋ ದೋಷವಿದೆ. ಯಾರೂ ಆರಿಸದ ಆಯ್ಕೆ ನಿರುಪಯೋಗಿ. ಹೇಳಿದ ಸಮಯಕ್ಕಿಂತ ದುಪ್ಪಟ್ಟು ಹೊತ್ತು ಹಿಡಿದ ಕೆಲಸವನ್ನು ಕತ್ತರಿಸಬೇಕು. ಅರ್ಧದಲ್ಲೇ ಕೈಬಿಟ್ಟವರು ಯಾವ ಹಂತದಲ್ಲಿ ನಿಂತರೆಂದು ನೋಡಿ, ಅಲ್ಲಿ ಒಂದು ಸುಳಿವನ್ನೋ ಬಿಡಿಸಿದ ಉದಾಹರಣೆಯನ್ನೋ ಸೇರಿಸಬೇಕು. ಉದ್ದೇಶಕ್ಕೆ ನೇರ ನೆರವಾಗದ ಚಟುವಟಿಕೆ ಎಷ್ಟೇ ಆಕರ್ಷಕವಾಗಿದ್ದರೂ ಮುಂದಿನ ಸೆಮಿಸ್ಟರ್‌ಗೆ ಅದನ್ನು ಕೈಬಿಡುವುದೇ ಸರಿ.